ಸ್ಪೀಕರ್ ಶೋಕೇಸಿನಿಂದ ಇಳಿಯಲಿ

ದಾವಣಗೆರೆಯಲ್ಲಿ ಒಳ್ಳೆಯ ಸಂಗೀತ ಕೇಳಬೇಕೆಂದು ಧಾರಾಳವಾಗಿ ಹಣ ಹಾಕುವ ರಸಿಕರಿದ್ದಾರೆ. ಆದರೆ ಹಾಗೆ ಕೊಂಡ ಸ್ಪೀಕರುಗಳು ಎಷ್ಟೋ ಮನೆಗಳಲ್ಲಿ ನಡುಮನೆಯ ಶೋಕೇಸಿನ ಖಾನೆಯೊಳಗೆ ಗೋಡೆಗೆ ಬೆನ್ನು ಕೊಟ್ಟು ಕುಳಿತಿರುತ್ತವೆ. ನಾನು ನೆಲೆಸಿರುವ ಇಂಗ್ಲೆಂಡಿನಲ್ಲಿ ಈ ಹವ್ಯಾಸವುಳ್ಳವರು ಸ್ಪೀಕರಿಗೆ ಹಣ ಹೊಂದಿಸುವಾಗಲೇ ಸ್ಟ್ಯಾಂಡಿನ ಪಾಲನ್ನೂ ತೆಗೆದಿಡುತ್ತಾರೆ. ಈ ಪದ್ಧತಿ ನಮ್ಮೂರಿಗೂ ಬೇಕು. ಅಲ್ಲಿನ ಸ್ಟ್ಯಾಂಡಿನ ನಕಲು ಮಾತ್ರ ಬೇಡ.

ಮಂದ್ರದ ನಾದ ಪೆಟ್ಟಿಗೆಯ ಮುಂದಕ್ಕಷ್ಟೇ ಹೋಗದೆ ಸುತ್ತಲೂ ಹರಡುತ್ತದೆ. ಬೆನ್ನಿಗೇ ಗೋಡೆಯಿದ್ದರೆ ಅದು ಮರಳಿ ಬಂದು ಮುಂದಿನ ನಾದಕ್ಕೆ ಸೇರಿಕೊಳ್ಳುವುದರಿಂದ ಬೇಸ್ 6 ಡೆಸಿಬಲ್‌ವರೆಗೂ ಏರಬಹುದು, ಮೂಲೆಯಲ್ಲಾದರೆ ಇನ್ನೂ ಹೆಚ್ಚು. ಜೊತೆಗೆ ಶೋಕೇಸಿನ ಹಲಗೆ, ಗಾಜುಗಳೂ ನಡುಗಿ ತಮ್ಮದೊಂದು ಸದ್ದನ್ನು ಬೆರೆಸುತ್ತವೆ. ಡಗ್ಗಾದ ಪೆಟ್ಟು ಬರೀ ಗುಂಯ್ ಎಂದು ಕೇಳಿ, ತಂಬೂರಿಯ ಝೇಂಕಾರ ಅದರಡಿ ಮುಚ್ಚಿಹೋಗುವುದು ಹೀಗೆ. ಅದೇ ಸ್ಪೀಕರನ್ನು ಸ್ಟ್ಯಾಂಡಿನ ಮೇಲಿಟ್ಟು ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ತಂದರೆ ಆಗುವ ಸುಧಾರಣೆ, ಇನ್ನಷ್ಟು ದುಬಾರಿ ಸ್ಪೀಕರನ್ನು ಅದೇ ಖಾನೆಯಲ್ಲಿಟ್ಟರೆ ಆಗುವುದಿಲ್ಲ.

ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಮರದ ತೊಲೆಗಳ ಮೇಲೆ ಹಲಗೆಯ ನೆಲ, ಅದರ ಮೇಲೆ ಕಾರ್ಪೆಟ್. ಕಾರ್ಪೆಟನ್ನು ದಾಟಿ ಹಲಗೆಯ ಮೇಲೆ ಅಲುಗಾಡದೆ ನಿಲ್ಲಲೆಂದೇ ಅಲ್ಲಿನ ಸ್ಟ್ಯಾಂಡುಗಳಿಗೆ ಚೂಪಾದ ಮೊಳೆಗಾಲು. ನಮ್ಮ ಕಾಂಕ್ರೀಟ್ ನೆಲ ತಾನಾಗಿಯೇ ಗಟ್ಟಿ. ಮೊಳೆಗಾಲು ಇಲ್ಲಿ ಟೈಲ್ಸನ್ನು ಗೀರುವುದಷ್ಟೇ ಲಾಭ, ರಬ್ಬರಿನ ಪಾದ ಸಾಕು. ಸೋಫಾದಲ್ಲಿ ಕೂತವರ ಕಿವಿಯ ಮಟ್ಟಕ್ಕೆ, ತಾರದ ನಾದ ಹೊರಡಿಸುವ ಟ್ವೀಟರ್ ಬರಲೆಂದು ಅಲ್ಲಿ ಸುಮಾರು 60 ಸೆಂ.ಮೀ. ಎತ್ತರದ ಸ್ಟ್ಯಾಂಡ್ ರೂಢಿಯಲ್ಲಿದೆ. ಚಾಪೆಯ ಮೇಲೆ ಕೂತು ಕೇಳುವವರಿಗೆ 40 ಸೆಂ.ಮೀ. ಹೆಚ್ಚು ಸರಿಹೊಂದುತ್ತದೆ. ವೆಲ್ಡಿಂಗ್ ಅಂಗಡಿಯವರು ಚೌಕ ಪೈಪಿಗೆ ಮೇಲೊಂದು, ಕೆಳಗೊಂದು ತಗಡಿನ ಪ್ಲೇಟ್ ಕೂರಿಸಿ ಇದನ್ನು ಮಾಡಿಕೊಡಬಲ್ಲರು. ಪೊಳ್ಳು ಪೈಪು ಗಂಟೆಯಂತೆ ಮಿಡಿಯದಿರಲು ಒಣ ಮರಳು ತುಂಬಿಸಬೇಕು. ಟೈಲ್ಸಿನ ನೆಲ ತಾರದ ನಾದವನ್ನು ಹಾಗೆಯೇ ಹಿಂದಕ್ಕೆ ಎಸೆಯುವುದರಿಂದ ಸ್ಪೀಕರಿಗೂ ಕೇಳುಗನಿಗೂ ನಡುವೆ ಚಳ್ಳಕೆರೆಯ ದಪ್ಪ ಕಂಬಳಿಯೊಂದನ್ನು ಹಾಸುವುದು ಒಳಿತು. ಇಂಥ ಉಣ್ಣೆಯ ಹಾಸು ನೆರೆಯ ಜಿಲ್ಲೆಯಲ್ಲೇ ನೇಯುತ್ತಿರುವಾಗ ದುಬಾರಿ ಫೋಮ್ ತರಿಸಬೇಕಾಗಿಲ್ಲ.

ಸ್ಪೀಕರಿನ ಆಯ್ಕೆಯೂ ಕೋಣೆಯನ್ನು ನೋಡಿಯೇ ಆಗಬೇಕು. 12 ಅಡಿ ಉದ್ದದ ಕೋಣೆ 47 ಹರ್ಟ್ಸ್ ಆಸುಪಾಸಿನ ಮಂದ್ರ ನಾದಕ್ಕೆ ಅನುರಣಿಸುತ್ತದೆ. ಇಂಗ್ಲೆಂಡಿನ ಹೊಸ ಮನೆಗಳ ಪ್ಲಾಸ್ಟರ್‌ಬೋರ್ಡ್ ಒಳಗೋಡೆಗಳು ಆ ನಾದವನ್ನು ಒಂದಿಷ್ಟು ಹೀರಿಕೊಳ್ಳುತ್ತವೆ, ನಮ್ಮ ಇಟ್ಟಿಗೆ ಗೋಡೆಗಳು ಅಷ್ಟು ಹೀರುವುದಿಲ್ಲ. ಆದ್ದರಿಂದ ಮಂದ್ರವನ್ನು ಜೋರಾಗಿ ಹೊರಡಿಸುವ ಆಳೆತ್ತರದ ಟವರ್ ಸ್ಪೀಕರುಗಳನ್ನು ನಮ್ಮ ಸಣ್ಣ ಕೋಣೆಗಳಿಗೆ ತರುವುದನ್ನು ನಾನು ಒಪ್ಪುವುದಿಲ್ಲ. ಬಿ.ಬಿ.ಸಿ.ಯು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವಾಹನಗಳಂಥ ಇಕ್ಕಟ್ಟಿನ ಜಾಗಕ್ಕೆಂದು ರೂಪಿಸಿದ ಎಲ್‌ಎಸ್‌3/5ಎ ಸ್ಪೀಕರು ಎಲ್ಲ ಕಡೆ ಮುಚ್ಚಿದ ಪುಟ್ಟ ಪೆಟ್ಟಿಗೆ. ಮಾತು, ಗಾಯನಗಳ ಸಹಜತೆಗೆ ಅದು ಇಂದಿಗೂ ಹೆಸರಾಗಿದೆ. ಅದೇ ಬಗೆಯ, ಹಿಂಬದಿಯಲ್ಲಿ ಗಾಳಿಕಿಂಡಿಯಿಲ್ಲದ ಚಿಕ್ಕ ಸ್ಪೀಕರನ್ನು ಆರಿಸಿಕೊಂಡವರಿಗೆ ಬೇಸ್ ತೆಳುವೆನಿಸಿದರೆ ಸ್ಟ್ಯಾಂಡನ್ನು ಗೋಡೆಯತ್ತ ಸ್ವಲ್ಪಸ್ವಲ್ಪವೇ ಸರಿಸುತ್ತ ಹದ ಕಂಡುಕೊಳ್ಳಬಹುದು.