ಸ್ಪಷ್ಟನೆ: ಸುಳಿ ಅಳೆದ ಮಾತ್ರಕ್ಕೆ ಲಿಫ್ಟ್ ಸಿಗದು

ಬೆಂಗಳೂರಿನ ಏರೋ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಟಿಪ್ಪಣಿ ಓಡಾಡುತ್ತಿದೆ. ‘ಮೂತಿ ಮೇಲೆ ಕೆಳಗೆ ಆಡಿಸುವ ರೆಕ್ಕೆ ಬಿಟ್ಟುಹೋದ ಸುಳಿಯ ಸರ್ಕ್ಯುಲೇಷನ್ (ಸುಳಿ ಎಷ್ಟು ಬಲವಾಗಿ ತಿರುಗುತ್ತಿದೆ ಎಂಬ ಅಳತೆ) ಅಳೆಯಿರಿ, ಸಾಂದ್ರತೆ ಮತ್ತು ವೇಗದಿಂದ ಗುಣಿಸಿ, ಆ ಕ್ಷಣದ ಲಿಫ್ಟ್ (ರೆಕ್ಕೆಯನ್ನು ಮೇಲೆತ್ತುವ ಬಲ) ಬಂತು’ ಅಂತ. ಅದನ್ನು ಮೊದಲು ಬರೆದು ಹಾಕಿದವನು ನಾನೇ. ಅದು ತಪ್ಪು.

ಆ ಗುಣಾಕಾರ ಕುಟ್ಟಾ–ಜೂಕೋವ್‌ಸ್ಕಿ ಸೂತ್ರ. ಹರಿವು ಸ್ಥಿರವಾಗಿದ್ದಾಗ ಮಾತ್ರ ಸರಿ. ಆಡುವ ರೆಕ್ಕೆಯ ಮೇಲಿನ ಬಲ ಸಿಗುವುದು ಸುಳಿಗಳ ಇಂಪಲ್ಸ್ (ಆ ಸುಳಿಗಳನ್ನು ಹುಟ್ಟಿಸಲು ಕೊಡಬೇಕಾದ ಒಟ್ಟು ತಳ್ಳು) ಎಷ್ಟು ಬೇಗ ಬದಲಾಗುತ್ತಿದೆ ಎಂಬುದರಿಂದ. ವಿರುದ್ಧ ದಿಕ್ಕಿಗೆ ತಿರುಗುವ ಸಮಬಲದ ಎರಡು ಸುಳಿಗಳಿದ್ದರೆ, ರೆಕ್ಕೆಯ ಪ್ರತಿ ಮೀಟರ್ ಉದ್ದಕ್ಕೆ ಇಂಪಲ್ಸ್ ಅಂದರೆ ಸಾಂದ್ರತೆ × ಸರ್ಕ್ಯುಲೇಷನ್ × ನಡುವಿನ ದೂರ. ಸ್ಥಿರ ಹಾರಾಟದಲ್ಲಿ ಒಂದು ಸುಳಿ ರೆಕ್ಕೆಯ ಸುತ್ತ, ಇನ್ನೊಂದು ಹೊರಟ ಜಾಗದಲ್ಲಿ; ಸರ್ಕ್ಯುಲೇಷನ್ ಬದಲಾಗುವುದಿಲ್ಲ, ದೂರ ಮಾತ್ರ ಹಾರಾಟದ ವೇಗದಲ್ಲೇ ಬೆಳೆಯುತ್ತದೆ; ಹಳೆಯ ಸೂತ್ರ ತಾನಾಗಿ ಬರುತ್ತದೆ. ನಾನು ಮೋಸಹೋಗಿದ್ದು ಇಲ್ಲೇ. ರೆಕ್ಕೆ ಆಡುವಾಗ ಸುಳಿ ಬಲಿಯುತ್ತಲೂ ಇರುತ್ತದೆ, ಸ್ವಲ್ಪ ಹೊತ್ತು ರೆಕ್ಕೆಗೇ ಅಂಟಿಕೊಂಡೂ ಇರುತ್ತದೆ; ಹಾಗಾಗಿ ಬರೀ ಆ ಗುಣಾಕಾರ ಸಾಲದು.

ಇನ್ನೊಂದನ್ನು ಪೂರ್ತಿ ಮರೆತಿದ್ದೆ: ರೆಕ್ಕೆ ವೇಗ ಬದಲಿಸಿದಾಗ ಸುತ್ತಲಿನ ನೀರನ್ನೋ ಗಾಳಿಯನ್ನೋ ಕೂಡ ತಳ್ಳಬೇಕು. 10 ಸೆಂ.ಮೀ. ಅಗಲದ ತೆಳು ಹಲಗೆಯನ್ನು ನೀರಿನಲ್ಲಿ ಅದರ ಮುಖಕ್ಕೆ ಲಂಬವಾಗಿ ತಳ್ಳಿದರೆ, ಮೀಟರ್ ಉದ್ದಕ್ಕೆ ಸುಮಾರು 7.9 ಕೆ.ಜಿ. ಹೆಚ್ಚುವರಿ ರಾಶಿ ಇದ್ದಂತೆ. ಗಾಳಿಯಲ್ಲಾದರೆ ಹತ್ತು ಗ್ರಾಂ ಕೂಡ ಇಲ್ಲ. ನೀರು ಹರಿಸಿ ಪರೀಕ್ಷಿಸುವ ವಾಟರ್ ಟನಲ್‌ನಲ್ಲಿ ಪ್ರಯೋಗ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ.

ಸುಳಿಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು ಅಳೆಯುವಾಗ, ಚೌಕಟ್ಟು ದಾಟಿಹೋದ ಸುಳಿಯನ್ನೂ ಲೆಕ್ಕಕ್ಕೆ ಸೇರಿಸಬೇಕು.

ದಯವಿಟ್ಟು ಹಳೆಯ ಟಿಪ್ಪಣಿ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿಬಿಡಿ.