ಮನೆ ಕಟ್ಟಿಸಲು ಮೆಟೀರಿಯಲ್ ಸಮೇತ ಗುತ್ತಿಗೆ ಕೊಡಬೇಕೇ? ಪರ–ವಿರೋಧ

ಹಾಸನ, ಚಿಕ್ಕಮಗಳೂರು ಕಡೆ ಮನೆ ಕಟ್ಟಿಸುವವರ ಮುಂದೆ ಸಾಮಾನ್ಯವಾಗಿ ಎರಡು ದಾರಿ ಇರುತ್ತವೆ. ಸಿಮೆಂಟಿನಿಂದ ಸ್ವಿಚ್ಚಿನವರೆಗೆ ಎಲ್ಲವನ್ನೂ ಕಂಟ್ರಾಕ್ಟರಿಗೇ ವಹಿಸಬಹುದು. ಇಲ್ಲವೇ ಸಾಮಾನು ತಾವೇ ತಂದುಕೊಟ್ಟು ಮೇಸ್ತ್ರಿಗೆ ಕೂಲಿ ಮಾತ್ರ ಗೊತ್ತುಮಾಡಬಹುದು. 30×40 ಸೈಟಿನಲ್ಲಿ 12 ಚದರದ (ಒಂದು ಚದರ ಎಂದರೆ 100 ಚದರ ಅಡಿ) ಮನೆ ಎಂದುಕೊಂಡು ಎರಡೂ ಕಡೆಯ ವಾದ ಇಲ್ಲಿದೆ.

ಪರ: ಕಾಗದಪತ್ರ ಗಟ್ಟಿಯಿದ್ದರೆ ಪೂರ್ತಿ ಗುತ್ತಿಗೆಯೇ ಮೇಲು

ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆ ಕಟ್ಟಿಸುವವರು ಮೊದಲು ತಿಂಗಳ ಲೆಕ್ಕ ಹಾಕಬೇಕು. ನವೆಂಬರಿನಲ್ಲಿ ಪಾಯ ತೆಗೆದರೆ ಮೇ ಮುಗಿಯುವುದರೊಳಗೆ ಮೋಲ್ಡ್ (ಚಾವಣಿಯ ಕಾಂಕ್ರೀಟು) ಆಗಿರಬೇಕು. ಚಾವಣಿ ಹಾಕಿ ಮುಗಿದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗಿನ ಗಾರೆ, ವೈರಿಂಗ್, ಪ್ಲಂಬಿಂಗ್ ನಡೆಸಬಹುದು. ಹಾಕಿಲ್ಲದಿದ್ದರೆ ಕಾಲಂ (ಕಾಂಕ್ರೀಟ್ ಕಂಬ) ಕಂಬಿಗಳು ತುಕ್ಕು ಹಿಡಿಯುತ್ತಾ ನಿಲ್ಲುತ್ತವೆ, ಉಳಿದ ಸಿಮೆಂಟು ಚೀಲದಲ್ಲೇ ಗಟ್ಟಿಯಾಗುತ್ತದೆ. ಈ ಆರೇಳು ತಿಂಗಳಲ್ಲಿ ಜಲ್ಲಿ ಇವತ್ತು ಬರಲಿಲ್ಲ, ಕಂಬಿ ನಾಳೆ ಬರುತ್ತದೆ, ಅಷ್ಟರಲ್ಲಿ ಸೆಂಟ್ರಿಂಗ್‌ನವರು (ಕಾಂಕ್ರೀಟಿಗೆ ಹಲಗೆ ಕಟ್ಟುವವರು) ಬೇರೆ ಸೈಟಿಗೆ ಹೋದರು ಎಂದಾಗುವುದು ಸಾಮಾನು ತರುವವರು ಒಬ್ಬರು, ಕೆಲಸ ಮಾಡುವವರು ಇನ್ನೊಬ್ಬರು ಆದಾಗ. ಪೂರ್ತಿ ಗುತ್ತಿಗೆಯಲ್ಲಿ ಒಂದು ದಿನ ಕೆಲಸ ನಿಂತರೂ ನಷ್ಟ ಗುತ್ತಿಗೆದಾರನದೇ, ಹಾಗಾಗಿ ಅವನು ಮುಂಚೆಯೇ ಸಾಮಾನು ಹೊಂದಿಸಿಕೊಳ್ಳುತ್ತಾನೆ. ಬೆಂಗಳೂರಿನಲ್ಲಿ ನೌಕರಿ ಮಾಡುತ್ತಾ ಊರಿನಲ್ಲಿ ಮನೆ ಕಟ್ಟಿಸುವವರಿಗಂತೂ ಬೇರೆ ದಾರಿಯೇ ಇಲ್ಲ.

ಹೊಣೆಯ ವಿಷಯ ಇದಕ್ಕಿಂತ ದೊಡ್ಡದು. ಮಹಡಿಯ ಬಚ್ಚಲಿನಿಂದ ಕೆಳಗಿನ ಗೋಡೆಗೆ ನೀರು ಇಳಿಯಿತು ಎನ್ನಿ. ಬಿಡಿಬಿಡಿಯಾಗಿ ಕೆಲಸ ಕೊಟ್ಟಿದ್ದರೆ ಪ್ಲಂಬರು ಟೈಲ್ಸ್‌ನವನನ್ನು ತೋರಿಸುತ್ತಾನೆ, ಟೈಲ್ಸ್‌ನವನು ವಾಟರ್‌ಪ್ರೂಫಿಂಗ್ ಮಾಡಿದವನನ್ನು, ಅವನು ಸ್ಲ್ಯಾಬು ಹಾಕಿದ ಮೇಸ್ತ್ರಿಯನ್ನು. ಮನೆಯವರು ಟೈಲ್ಸ್ ಕೀಳಿಸಿ ಮತ್ತೆ ದುಡ್ಡು ಸುರಿಯಬೇಕು. ಒಬ್ಬನೇ ಗುತ್ತಿಗೆದಾರ ಇದ್ದರೆ ಸರಿಮಾಡಿಕೊಡುವವನೂ ಅವನೇ.

ಪೂರ್ತಿ ಗುತ್ತಿಗೆಗೆ ಕೆಟ್ಟ ಹೆಸರು ಬಂದಿರುವುದು "ಚದರಕ್ಕೆ ಇಷ್ಟು" ಎಂದು ಒಂದು ಹಾಳೆಯಲ್ಲಿ ಬರೆದು ಕೈಕುಲುಕುವ ಪದ್ಧತಿಯಿಂದ. ಆ ಹಾಳೆಯಲ್ಲಿ ಸಂಪು, ಸೆಪ್ಟಿಕ್ ಟ್ಯಾಂಕು, ಕಾಂಪೌಂಡು, ಮೆಟ್ಟಿಲ ಮೇಲಿನ ಹೆಡ್‌ರೂಮು ಸೇರಿದೆಯೇ ಎಂದು ಇರುವುದಿಲ್ಲ. ಸಿಟ್‌ಔಟು, ಬಾಲ್ಕನಿಯನ್ನು ಪೂರ್ತಿ ಚದರಕ್ಕೆ ಹಿಡಿಯುತ್ತಾರೋ ಅರ್ಧಕ್ಕೋ ಎಂಬುದೂ ಇರುವುದಿಲ್ಲ. ಪಾಯದ ಆಳವನ್ನಂತೂ ಬರೆಯಲೇಬೇಕು. ಹಾಸನ ಪೇಟೆಯ ಕೆಂಪು ಮಣ್ಣಿನ ಲೆಕ್ಕ ಅಜ್ಜಂಪುರದ ಎರೆ ಮಣ್ಣಿಗೆ ನಡೆಯುವುದಿಲ್ಲ. ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಯಲ್ಲಿ ಉಬ್ಬುತ್ತದೆ, ಪಾಯ ಆ ಪದರ ದಾಟಿ ಕೆಳಗಿಳಿಯಬೇಕು. ಮೂಡಿಗೆರೆಯ ಇಳಿಜಾರಿನಲ್ಲಿ ಅರ್ಧ ಸೈಟು ಧರೆ ಕಡಿದದ್ದು, ಇನ್ನರ್ಧ ಆ ಮಣ್ಣನ್ನೇ ತುಂಬಿದ್ದು. ತುಂಬಿದ ಮಣ್ಣಿನ ಮೇಲೆ ಕೂತ ಪಾಯ ಇಳಿದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಇದನ್ನೆಲ್ಲ ಬರೆಯದೆ ಸಹಿ ಮಾಡಿ ಆಮೇಲೆ "ಎಕ್ಸ್‌ಟ್ರಾ" ಕೇಳಿದಾಗ ಜಗಳ ಶುರುವಾಗುತ್ತದೆ.

ಆದ್ದರಿಂದ ದರ ಕೇಳುವ ಮುಂಚೆ ಸ್ಟ್ರಕ್ಚರಲ್ ಇಂಜಿನಿಯರಿಂದ ನಕ್ಷೆ, ಕಂಬಿ ವಿವರ, ಐಟಂವಾರು ಪ್ರಮಾಣಪಟ್ಟಿ ಮಾಡಿಸಿ. ಅದೇ ಪಟ್ಟಿಯನ್ನು ಮೂವರು ಗುತ್ತಿಗೆದಾರರಿಗೆ ಕೊಟ್ಟು, ದರದ ಕಾಲಂ ಮಾತ್ರ ತುಂಬಿಸಿ ತರಿಸಿ. ಒಟ್ಟು ಮೊತ್ತದ ಜೊತೆಗೆ ಒಂದೊಂದು ಸಾಲನ್ನೂ ಹೋಲಿಸಿ. ಪಾಯದ ಅಗೆತ, ಕಾಂಕ್ರೀಟಿಗೆ ವಿಪರೀತ ದರ ಹಾಕಿ ಬಣ್ಣ, ಬಾಗಿಲಿಗೆ ತೀರಾ ಕಡಿಮೆ ಹಾಕಿದವನು ಮೊದಲ ತಿಂಗಳುಗಳಲ್ಲೇ ಲಾಭ ಎತ್ತಿಕೊಂಡು ಕೊನೆಯಲ್ಲಿ ಕೈಬಿಡುವ ಸಾಧ್ಯತೆ ಹೆಚ್ಚು. ಇಬ್ಬರ ದರ ಹತ್ತಿರಹತ್ತಿರ ಇದ್ದು ಮೂರನೆಯವನದು ಬಹಳ ಕೆಳಗಿದ್ದರೆ ಅವನ ಹಿಂದಿನ ಎರಡು ಮನೆಗೆ ಹೋಗಿ ನೋಡಬೇಕು. ಈಗ ನಡೆಯುತ್ತಿರುವ ಕೆಲಸ ಎಷ್ಟಿದೆ ಎಂದೂ ಕೇಳಬೇಕು. ಹೊಸ ಮನೆಯ ಅಡ್ವಾನ್ಸಿನಿಂದ ಹಳೆಯ ಮನೆ ಮುಗಿಸುತ್ತಿರುವವನಿಗೆ ಎಂಥ ಒಪ್ಪಂದ ಬರೆದುಕೊಟ್ಟರೂ ಉಪಯೋಗವಿಲ್ಲ.

ದುಡ್ಡು ಯಾವಾಗಲೂ ಕೆಲಸಕ್ಕಿಂತ ಒಂದು ಹೆಜ್ಜೆ ಹಿಂದೆಯೇ ಇರಲಿ. ಒಪ್ಪಂದಕ್ಕೆ 5%, ಪ್ಲಿಂತ್ (ನೆಲಮಟ್ಟದವರೆಗಿನ ಪಾಯ) ಮುಗಿದಾಗ 15, ಲಿಂಟಲ್ (ಬಾಗಿಲು–ಕಿಟಕಿಯ ಮೇಲಿನ ತೊಲೆ) ಮಟ್ಟಕ್ಕೆ 15, ಚಾವಣಿಗೆ 20, ಗೋಡೆ ಮತ್ತು ಗಾರೆಗೆ 15, ನೆಲಹಾಸು–ಬಾಗಿಲು–ಕಿಟಕಿಗೆ 15, ಬಣ್ಣ–ವೈರಿಂಗ್ ಮುಗಿದು ಕೀಲಿ ಕೊಟ್ಟಾಗ 10. ಉಳಿದ 5% ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ. ಮಲೆನಾಡಿನಲ್ಲಿ ಚಾವಣಿ, ಸಜ್ಜಾ, ಪಶ್ಚಿಮದ ಗೋಡೆ ಹೇಗಿವೆ ಎಂದು ಆಗಸ್ಟ್ ಮುಗಿಯದೆ ಯಾರೂ ಹೇಳಲಾರರು.

ವಿರೋಧ: ಸಾಮಾನು ನಿಮ್ಮದಾಗಿರಲಿ, ಕೂಲಿ ಮಾತ್ರ ಗುತ್ತಿಗೆಗೆ ಇರಲಿ

ಐಟಂವಾರು ಪಟ್ಟಿ, ಮೂವರಿಂದ ದರ ಎಂಬುದು ದೊಡ್ಡ ಕಟ್ಟಡಕ್ಕೆ ಒಪ್ಪುವ ಕ್ರಮ. 12 ಚದರದ ಮನೆಗೆ ಹೆಚ್ಚಿನ ಗುತ್ತಿಗೆದಾರರು ತಮ್ಮ ಚದರದ ದರವನ್ನೇ ಸಾಲುಸಾಲಿಗೆ ಹಂಚಿ ತುಂಬಿಕೊಡುತ್ತಾರೆ, ಅದನ್ನು ಹೋಲಿಸಿ ಗೊತ್ತಾಗುವುದು ಬಹಳ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಒಟ್ಟು ದರ ಗೊತ್ತಾದ ಮರುದಿನದಿಂದ ಉಳಿಸಿದ ಪ್ರತಿ ಚೀಲ ಸಿಮೆಂಟೂ ಗುತ್ತಿಗೆದಾರನ ಲಾಭ. ಉಳಿತಾಯ ಆಗುವುದು ಮುಚ್ಚಿಹೋಗುವ ಜಾಗದಲ್ಲೇ. 10 ಅಡಿ ಎತ್ತರದ ಕಾಲಂಗೆ 6 ಇಂಚಿಗೊಂದರಂತೆ ಸುಮಾರು 20 ರಿಂಗು (ಉದ್ದದ ಕಂಬಿಗಳನ್ನು ಸುತ್ತುವರಿದು ಕಟ್ಟುವ ಕಂಬಿ ಬಳೆ) ಬೇಕು. 8 ಇಂಚಿಗೊಂದು ಕಟ್ಟಿದರೆ 15 ಸಾಕಾಗುತ್ತದೆ. ಕಾಂಕ್ರೀಟ್ ಬಿದ್ದ ಮೇಲೆ ಆ ಐದು ರಿಂಗುಗಳನ್ನು ಯಾರು ಎಣಿಸುತ್ತಾರೆ? ಒಳಗಾರೆಗೆ 1:6 (ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು) ಎಂದು ಬರೆದದ್ದು 1:8 ಆದರೆ, ಮೊಳೆಯಿಂದ ಕೆರೆದಾಗ ಮರಳು ಉದುರುವವರೆಗೆ ತಿಳಿಯುವುದಿಲ್ಲ. ಕೂಲಿ ಗುತ್ತಿಗೆಯ ಮೇಸ್ತ್ರಿಗೆ ಸಿಮೆಂಟು ಉಳಿಸಿ ಸಿಗುವುದು ಏನೂ ಇಲ್ಲ.

ತೆರಿಗೆಯೂ ಲೆಕ್ಕಕ್ಕೆ ಬರುತ್ತದೆ. ಒಂದು ಬಿಡಿ ವಾಸದ ಮನೆಗೆ ಮಾಡಿಸುವ ಬರೀ ಕೂಲಿ ಗುತ್ತಿಗೆಗೆ ಜಿಎಸ್‌ಟಿ ವಿನಾಯಿತಿ ಇದೆ. ಮೆಟೀರಿಯಲ್ ಸಮೇತ ಕೊಟ್ಟರೆ ನೋಂದಾಯಿತ ಗುತ್ತಿಗೆದಾರ ಇಡೀ ಮೊತ್ತಕ್ಕೆ 18% ಹಾಕಬೇಕು. ಸಾಮಾನಿಗೆ ಕೊಟ್ಟ ತೆರಿಗೆಯನ್ನು ಅವನು ವಜಾ ಮಾಡಿಕೊಂಡರೂ, ಕೂಲಿ ಮತ್ತು ಲಾಭದ ಮೇಲಿನ ತೆರಿಗೆ ಮನೆಯವರ ತಲೆಗೇ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18%ಕ್ಕೆ ಇಳಿಯಿತು. ತಾವೇ ಕೊಳ್ಳುವವರಿಗೆ ಆ ಇಳಿಕೆ ಮುಂದಿನ ಬಿಲ್ಲಿನಲ್ಲೇ ಸಿಕ್ಕಬಹುದು. ಚದರಕ್ಕೆ ದರ ಗೊತ್ತುಮಾಡಿಕೊಂಡವರು ಗುತ್ತಿಗೆದಾರನನ್ನೇ ಕೇಳಬೇಕು. ಕಂಬಿಯ ಬೆಲೆ ಏರಿದಾಗ ಮಾತ್ರ ಅವನೇ ಬಂದು ಕೇಳುತ್ತಾನೆ.

ಸಾಮಾನು ತರುವುದು ಅಷ್ಟೇನೂ ಹೆದರುವ ಕೆಲಸವಲ್ಲ. 12 ಚದರಕ್ಕೆ ಅಂದಾಜು 480ರಿಂದ 500 ಚೀಲ ಸಿಮೆಂಟು, 4ರಿಂದ 5 ಟನ್ ಕಂಬಿ. 5 ಇಂಚಿನ ಚಾವಣಿ ಸ್ಲ್ಯಾಬೊಂದಕ್ಕೇ ಸುಮಾರು 500 ಘನ ಅಡಿ ಕಾಂಕ್ರೀಟು. 1:1½:3 (ಸಿಮೆಂಟು, ಮರಳು, ಜಲ್ಲಿ) ಮಿಶ್ರಣದಲ್ಲಿ 115 ಚೀಲದಷ್ಟು ಸಿಮೆಂಟು ಹಿಡಿಯುತ್ತದೆ, ತೊಲೆಗಳದು ಬೇರೆ. ಒಂದೇ ಸಲ ತರಬೇಡಿ, ಹಂತಹಂತವಾಗಿ ತನ್ನಿ. ಮಲೆನಾಡಿನ ತೇವಕ್ಕೆ ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ದೂರ ಜೋಡಿಸಬೇಕು. ಮೂರು ತಿಂಗಳು ದಾಟಿದ ಸಿಮೆಂಟನ್ನು ಪರೀಕ್ಷೆ ಮಾಡಿಸದೆ ಚಾವಣಿಗೆ ಹಾಕಬಾರದು.

ಕಂಬಿ ಬಂದ ದಿನ ಹತ್ತು ಎಳೆ ತೂಗಿ ನೋಡಿ. 12 ಮೀಟರ್ ಉದ್ದದ 8 ಎಂಎಂ ಕಂಬಿ 4.74 ಕೆಜಿ ಇರಬೇಕು, ಕಂಬಿಯ ಭಾರತೀಯ ಮಾನಕ ಐಎಸ್ 1786 ಒಪ್ಪುವ ಹೆಚ್ಚುಕಡಿಮೆ 7%. ಸರಾಸರಿ 4.4 ಕೆಜಿಗಿಂತ ಕೆಳಗೆ ಬಂದರೆ ಅದು 8 ಎಂಎಂ ಅಲ್ಲ, ವಾಪಸ್ ಕಳಿಸಿ. ಎಂ-ಸ್ಯಾಂಡಿನಲ್ಲಿ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಮೋಸ ಹೋಗುವುದು ಮಳೆಗಾಲದಲ್ಲಿ. ಟನ್ ಲೆಕ್ಕದಲ್ಲಿ ಕೊಂಡರೆ ನೀರಿಗೂ ದುಡ್ಡು ಕೊಟ್ಟಂತೆ, ಅಡಿ ಲೆಕ್ಕದಲ್ಲಿ ಕೊಂಡರೆ ತೇವದ ಮರಳು ಉಬ್ಬಿಕೊಂಡು ಅಳತೆ ಜಾಸ್ತಿ ತೋರಿಸುತ್ತದೆ. ಆದಷ್ಟು ಮೇ ತಿಂಗಳೊಳಗೆ ತರಿಸಿ ಟಾರ್ಪಾಲು ಮುಚ್ಚಿಡುವುದೇ ಸರಿ.

ಪೋಲಾಗುವ ಭಯ ನಿಜ. ಸಾಮಾನು ತನ್ನದಲ್ಲದ ಮೇಸ್ತ್ರಿ ಕಂಬಿಯನ್ನು ಮನಸ್ಸಿಗೆ ಬಂದಂತೆ ಕತ್ತರಿಸುತ್ತಾನೆ, ಕಲಸಿದ ಗಾರೆಯನ್ನು ಊಟದ ಹೊತ್ತಿನಲ್ಲಿ ಒಣಗಲು ಬಿಡುತ್ತಾನೆ. ಇದಕ್ಕೆ ಇಂಜಿನಿಯರ್ ಕೊಟ್ಟ ಕತ್ತರಿಸುವ ಪಟ್ಟಿ ಇಟ್ಟುಕೊಂಡು 3%ಗಿಂತ ಹೆಚ್ಚು ತುಂಡು ಉಳಿದರೆ ಕೂಲಿಯಲ್ಲಿ ಮುರಿಯುತ್ತೇವೆ ಎಂದು ಮೊದಲೇ ಬರೆಸಿಕೊಳ್ಳಬೇಕು. ಖಾಲಿ ಚೀಲಗಳನ್ನು ಸಂಜೆ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಯಾವ ದಿನ ಎಷ್ಟು ಕೆಲಸಕ್ಕೆ ಎಷ್ಟು ಸಿಮೆಂಟು ಹೋಯಿತು ಎಂಬುದು ಕಣ್ಣೆದುರಿಗಿರುತ್ತದೆ. ಸೆಂಟ್ರಿಂಗ್ ಹಲಗೆ, ಜಾಕಿ, ಮಿಕ್ಸರ್, ವೈಬ್ರೇಟರ್ ಯಾರದು, ಕಂಬಿ ಕಟ್ಟುವ ಕೂಲಿ ಚದರದ ದರದಲ್ಲಿ ಸೇರಿದೆಯೋ ಟನ್ನಿಗೆ ಬೇರೆಯೋ, ನೀರು ಹಾಕುವವರು ಯಾರು ಎಂಬುದೂ ಅದೇ ಕಾಗದದಲ್ಲಿರಲಿ. ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಿಗೆ ಕನಿಷ್ಠ ಹತ್ತು ದಿನ ನೀರುಣಿಸಬೇಕು. ಕೂಲಿಯಲ್ಲಿ ಸೇರದಿದ್ದರೆ ಆ ಕೆಲಸ ಯಾರೂ ಮಾಡುವುದಿಲ್ಲ.

ಹೊಣೆ ಒಬ್ಬನದೇ ಆಗಿರಬೇಕು ಎಂಬ ವಾದಕ್ಕೆ ಉತ್ತರ ಸ್ವತಂತ್ರ ಇಂಜಿನಿಯರು. ಗುತ್ತಿಗೆದಾರನಿಗೆ ಹೋಗುತ್ತಿದ್ದ ಲಾಭದಲ್ಲಿ ಒಂದು ಪಾಲನ್ನು ಅವರ ಫೀಸಿಗೆ ಇಡಿ. ಪಾಯಕ್ಕೆ ಕಾಂಕ್ರೀಟ್ ಹಾಕುವ ಮುಂಚೆ, ಕಾಲಂ ಎತ್ತಿ ನಿಲ್ಲಿಸುವಾಗ, ಮೋಲ್ಡಿಗೆ ಕಂಬಿ ಕಟ್ಟಿ ಮುಗಿದ ದಿನ, ಬಚ್ಚಲಿನ ಸಂಕ್ ಸ್ಲ್ಯಾಬಿನಲ್ಲಿ (ಪೈಪಿಗಾಗಿ ತಗ್ಗಿಸಿ ಹಾಕಿದ ಸ್ಲ್ಯಾಬು) ನೀರು ನಿಲ್ಲಿಸಿ ಎರಡು ದಿನ ನೋಡುವಾಗ ಅವರು ಸೈಟಿನಲ್ಲಿ ಇರಲೇಬೇಕು. ಅವರು ನೋಡಿ ಸಹಿ ಮಾಡುವವರೆಗೆ ಮಿಕ್ಸರ್ ಚಾಲೂ ಮಾಡುವಂತಿಲ್ಲ ಎಂದು ಮೇಸ್ತ್ರಿಯ ಕಾಗದದಲ್ಲಿ ಬರೆದಿರಲಿ. ಮನೆಯವರಲ್ಲಿ ಒಬ್ಬರಾದರೂ ದಿನಕ್ಕೊಮ್ಮೆ ಸೈಟಿಗೆ ಹೋಗುವಂತಿಲ್ಲದಿದ್ದರೆ ಈ ದಾರಿ ಹಿಡಿಯಬೇಡಿ.