ಎಚ್‌ಬಿಒ ಹುಟ್ಟಿದ್ದು 1975ರಲ್ಲಲ್ಲ

ಮೊಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ನಡುವೆ ಮನಿಲಾದಲ್ಲಿ ನಡೆದ ಬಾಕ್ಸಿಂಗ್ ಪಂದ್ಯದೊಂದಿಗೆ, 1975ರಲ್ಲಿ ಅಮೆರಿಕದ ಪಾವತಿ ಟಿವಿ (ಹಣ ಕೊಟ್ಟು ನೋಡುವ) ವಾಹಿನಿ ಎಚ್‌ಬಿಒ ಆರಂಭವಾಯಿತು ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಕೇಬಲ್ ಟಿವಿ ಉದ್ಯಮಿ ಚಾರ್ಲ್ಸ್ ಡೋಲನ್ ಕಲ್ಪನೆಯ ಈ ವಾಹಿನಿ 1972ರ ನವೆಂಬರ್ 8ರಂದೇ ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರಿ ಪಟ್ಟಣದಲ್ಲಿ ಪ್ರಸಾರ ಆರಂಭಿಸಿತ್ತು. ಅದೇ ವರ್ಷದ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತದ ನೆರೆಗೆ ನಲುಗಿದ್ದ ಊರದು. ಮೊದಲ ರಾತ್ರಿ ಚಂದಾದಾರರಿದ್ದದ್ದು ಕೇವಲ 365 ಮಂದಿ. ಪ್ರಸಾರಕ್ಕೆ ಸ್ವಲ್ಪ ಮುಂಚೆ ಬಿರುಗಾಳಿಗೆ ಅಲ್ಲಿನ ಆಂಟೆನಾ ಉರುಳಿಬಿದ್ದು, ಅದನ್ನು ತರಾತುರಿಯಲ್ಲಿ ಸರಿಪಡಿಸಬೇಕಾಯಿತು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಿಂದ ಐಸ್ ಹಾಕಿ ಪಂದ್ಯ, ಅದರ ಬೆನ್ನಿಗೇ ಪಾಲ್ ನ್ಯೂಮನ್ ನಟಿಸಿದ ಚಲನಚಿತ್ರ: ಅಂದು ಕಂಡದ್ದು ಇಷ್ಟೇ. ಸಂಕೇತ ಬಂದದ್ದು ಮೈಕ್ರೋವೇವ್ ಗೋಪುರಗಳ ಮೂಲಕ.

ಹಾಗೆಂದು ಮನಿಲಾ ಪಂದ್ಯವನ್ನು ಕಡೆಗಣಿಸುವಂತಿಲ್ಲ. ಆ ಪಂದ್ಯದಿಂದಲೇ ಎಚ್‌ಬಿಒ ಉಪಗ್ರಹ ಪ್ರಸಾರಕ್ಕೆ ಕಾಲಿಟ್ಟಿತು. ಗೋಪುರದಿಂದ ಗೋಪುರಕ್ಕೆ ಸಾಗಬೇಕಿದ್ದ ವಾಹಿನಿಗೆ ದೂರದ ಫ್ಲಾರಿಡಾ, ಮಿಸಿಸಿಪಿಯ ಕೇಬಲ್ ಮನೆಗಳೂ ಒಮ್ಮೆಲೇ ಎಟುಕಿದವು. ಗೊಂದಲದ ಮೂಲವೂ ಬಹುಶಃ ಇದೇ.

ಎಚ್‌ಬಿಒ ಜಗತ್ತಿನ ಮೊದಲ ಪಾವತಿ ಟಿವಿ ಎಂಬುದೂ ಸರಿಯಲ್ಲ. ಹಣ ಕೊಟ್ಟು ಮನೆಯಲ್ಲೇ ಚಿತ್ರ ನೋಡುವ ಫೋನ್‌ವಿಷನ್ ಪ್ರಯೋಗ 1951ರಲ್ಲೇ ಶಿಕಾಗೋದಲ್ಲಿ ನಡೆದಿತ್ತು.